ಎಡಕ್ಕೆ ತಿರುಗಿಸಿದಾಗ ಮಾತ್ರ

ಅಕ್ಕನ ಮೋಟಾರು ದೋಣಿಯ ಮೀಟರಿನಲ್ಲಿ ಅಂಕಿಗಳು ಮನಸ್ಸು ಬಂದಾಗ ಕಾಣುತ್ತಿದ್ದವು, ಇಲ್ಲದಿದ್ದರೆ ಮಾಯ. ಪೆಟ್ರೋಲ್ ಎಷ್ಟಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಒಂದೂ ತಿಳಿಯದು. ಅದು ಸರಿಯಾಗುವವರೆಗೆ ಯಾರನ್ನೂ ಹತ್ತಿಸುವುದಿಲ್ಲ ಎಂದು ಅಕ್ಕ ಹಟ ಹಿಡಿದಿದ್ದಳು. ಆಚೆ ದಡಕ್ಕೆ ಹೋಗಬೇಕಾದವರು ಗೊಣಗುತ್ತಿದ್ದರು. ಪಕ್ಕದ ದೋಣಿಯವನು ಆಗಲೇ ಅವರನ್ನು ಕೈಬೀಸಿ ಕರೆಯುತ್ತಿದ್ದ.

ಭಾವ ಬ್ಯಾಟರಿ ನೋಡಿದರು, ಫ್ಯೂಸ್ ನೋಡಿದರು. ಎಲ್ಲವೂ ಸರಿಯಾಗಿಯೇ ಇತ್ತು.

"ನಿಮ್ಮನ್ನ ಕಂಡ್ರೆ ಅದಕ್ಕೂ ಭಯ. ನಾನು ಕೂತ್ರೆ ಆಟ ಶುರು," ಎಂದಳು ಅಕ್ಕ.

"ಹಾಗಾದ್ರೆ ನೀನೇ ಕೂತ್ಕೊಂಡು ಓಡಿಸೋ ಹಾಗೆ ಮಾಡಿ ತೋರಿಸು," ಎಂದರು ಭಾವ.

ಅಕ್ಕ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಳು, ಅಂಕಿಗಳು ಹಾಗೇ ಇದ್ದವು. ಎಡಕ್ಕೆ ಪೂರ್ತಿ ತಿರುಗಿಸಿದಳು, ಅಂಕಿಗಳು ಹೋದವು. ನಾನು ದೋಣಿಯ ಹಿಂತುದಿಯಲ್ಲಿದ್ದ ಎಂಜಿನ್ ಕಡೆ ಬಗ್ಗಿ ನೋಡಿದೆ. ಸ್ಟೇರಿಂಗ್ ಜೊತೆ ಅದೂ ಹೊರಳಿದಾಗ ಮೀಟರಿನ ವೈರು ಬಿಗಿದು ಪ್ಲಗ್ಗನ್ನೇ ಎಳೆಯುತ್ತಿತ್ತು.

"ಭಾವ, ಇದನ್ನ ಇಷ್ಟು ಬಿಗಿಯಾಗಿ ಕಟ್ಟಿದ್ದು ಯಾರು?"

ಭಾವ ತಲೆ ಕೆರೆದುಕೊಂಡರು. "ಜೋತಾಡ್ತಿತ್ತು. ನೋಡೋಕೆ ಚೆನ್ನಾಗಿರ್ಲಿ ಅಂತ..."

"ಮನೇಲಿ ಒಂದು ಟವೆಲ್ ಮಡಚಲ್ಲ, ಇಲ್ಲಿ ಬಂದು ಅಚ್ಚುಕಟ್ಟು!" ಎಂದಳು ಅಕ್ಕ.

ಭಾವ ತಾವೇ ಹಾಕಿದ ಕಟ್ಟು ಕತ್ತರಿಸಿ, ವೈರು ಸಡಿಲ ಬಿಟ್ಟು, ಪ್ಲಗ್ಗು ಒತ್ತಿ ಕೂರಿಸಿದರು. ಅಕ್ಕ ಮತ್ತೆ ಎಡಕ್ಕೆ ತಿರುಗಿಸಿದಳು. ಅಂಕಿಗಳು ಗಟ್ಟಿಯಾಗಿ ನಿಂತವು.

"ಬನ್ನಿ, ಹತ್ತಿ ಹತ್ತಿ!" ಎಂದು ಅವಳು ಕೂಗಿದಳು. "ನಮ್ಮ ಯಜಮಾನ್ರು ಇವತ್ತು ಏನೂ ಮುಟ್ಟಲ್ಲ!"