ಬೆಕ್ಕು ದಾಟಿದ ಮೇಲೆ

ಸಿದ್ದಗಂಗಮ್ಮ ಎಸೆದ ಪೊರಕೆ ಬೆಕ್ಕಿಗೆ ತಾಗದೆ ಹೊಸಿಲಿಗೆ ಬಡಿದು ಬಿತ್ತು.

“ಬಾಗ್ಲು ಎಳ್ಕೊಳ್ರೇ! ಒಳೀಕೆ ನುಗ್ತೈತೆ ಅದು!”

ಬೂದಿ ಬಣ್ಣದ ಬೆಕ್ಕು ಓಡಲಿಲ್ಲ. ಜಗುಲಿಯ ಅಂಚಿಗೆ ಸರಿದು ಕೂತು, ಪಡಸಾಲೆಯ ಚಾಪೆಯ ಮೇಲೆ ಮಲಗಿಸಿದ್ದ ಗಂಗಲಕ್ಷ್ಮಮ್ಮನ ಹೆಣವನ್ನೇ ನೋಡತೊಡಗಿತು. ಬೆಳಿಗ್ಗೆಯಿಂದ ಇದು ನಾಲ್ಕನೆಯ ಸಲ. ಅದು ಯಾರ ಮನೆಯ ಬೆಕ್ಕೆಂದು ಹುಲಿಕುಂಟೆಯ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಬೆಕ್ಕು ಹೆಣ ದಾಟಿದ್ರೆ ಏನಾಗ್ತೈತೆ ಅಂತ ಗೊತ್ತಿಲ್ವೇನ್ರೇ ನಿಮ್ಗೆ?” ಎಂದಳು ಸಿದ್ದಗಂಗಮ್ಮ. ಎಪ್ಪತ್ತೈದರ ಮುದುಕಿ, ಸತ್ತವಳ ಅಕ್ಕ. ಕೊರಟಗೆರೆಯಿಂದ ಬಂದಿಳಿದಾಗಿನಿಂದ ಬಾಗಿಲು ಕಾಯುವುದೇ ಅವಳ ಕೆಲಸವಾಗಿತ್ತು. ತಂಗಿಯ ಮುಖ ನೋಡಿ ಅಳುವುದಕ್ಕೂ ಅವಳಿಗೆ ಪುರುಸೊತ್ತಾಗಿರಲಿಲ್ಲ.

ತಲೆಯ ದೆಸೆಯಲ್ಲಿ ಮಗಳು ಮಂಜುಳಾ ಕೂತಿದ್ದಳು. ಮಧುಗಿರಿಯ ಅಂಚೆ ಕಚೇರಿಯಲ್ಲಿ ಕೆಲಸ. ಸಿರಾದಿಂದ ಫ್ರೀಜರ್ ಪೆಟ್ಟಿಗೆ ತರಿಸೋಣವೆಂದು ಚಿಕ್ಕಪ್ಪ ರೇಣುಕಯ್ಯ ಎರಡು ಸಲ ಹೇಳಿದ್ದ. ಅವಳು ಬೇಡವೆಂದಿದ್ದಳು. ಯಾಕೆಂದು ಹೇಳಿರಲಿಲ್ಲ.

“ಮೂವತ್ತೊಂದು ವರ್ಸ ಅಂಗನವಾಡೀಲಿ ಆಯಾ ಆಗಿದ್ಲು,” ಎಂದಳು ಪಕ್ಕದ ಮನೆಯ ಮುದ್ದಕ್ಕ. “ನಮ್ಮ ಅರುಣ ಮಧ್ಯಾಹ್ನ ಅಲ್ಲಿ ಮಲಗಿದ್ರೆ ಹತ್ತು ಸಲಿ ಅವನ ಮೂಗಿನ ತಾವ ಬೆರಳಿಡೋಳು. ಒಂದು ಮಗೂನೂ ಬುಡ್ತಿರ್ಲಿಲ್ಲ. ಅವು ಎಚ್ಚರಾಗಿ ಅಳೋವು.”

“ನಮ್ಮುಡ್ಗರು ಮೂಗು ಮುಟ್ಟೋ ಗಂಗಮ್ಮ ಅಂತ್ಲೇ ಕರೀತಿದ್ವು,” ಎಂದಳು ಇನ್ನೊಬ್ಬಳು. “ಮುಖದ್ ಮ್ಯಾಕೆ ದುಪ್ಪಟಿ ಎಳ್ಕಂಡ್ರೆ ಕಿತ್ತಾಕೋಳು. ಅದೇನು ಬಯವೋ ಆಯಮ್ಮಂಗೆ.”

“ಬಯ ಇಲ್ಲ ಗಿಯ ಇಲ್ಲ,” ಎಂದು ಸಿದ್ದಗಂಗಮ್ಮ ಬಾಗಿಲಿನಿಂದಲೇ ಗದರಿದಳು. “ಅಭ್ಯಾಸ, ಅಷ್ಟೇಯ.”

ಮಂಜುಳಾ ತಲೆಯೆತ್ತಿ ದೊಡ್ಡಮ್ಮನ ಮುಖ ನೋಡಿದಳು.

*

ಹೋದ ವರ್ಷ ಮಂಜುಳಾ ಕಚೇರಿಯವರು ಕೊಡುವ ಪ್ರವಾಸ ಸೌಲಭ್ಯ ಎಲ್‌ಟಿಸಿಯಲ್ಲಿ ಅಮ್ಮನನ್ನು ಅಂಡಮಾನಿಗೆ ಕರೆದುಕೊಂಡು ಹೋಗಿದ್ದಳು. ಮೂರನೆಯ ದಿನ ದೋಣಿ ಹತ್ತಿ ಒಂದು ಸಣ್ಣ ದ್ವೀಪಕ್ಕೆ ಹೋದರು. ಗಾಯವಾದ, ಕುರುಡಾದ, ಯಾರೋ ಬಿಟ್ಟುಹೋದ ಬೆಕ್ಕುಗಳನ್ನು ತಂದು ಸಾಕುವ ಜಾಗವೊಂದು ಅಲ್ಲಿತ್ತು. ತೆಂಗಿನ ಮರಗಳ ಕೆಳಗೆ ಬಲೆ ಹೊದಿಸಿದ ಅಂಗಳ.

ಅಮ್ಮ ಗೇಟಿನ ಹೊರಗೇ ನಿಂತಳು. ಇಲಿಗಳು ರಾಗಿ ಮೂಟೆಗಳನ್ನೆಲ್ಲ ತೂತು ಮಾಡಿದ ವರ್ಷವೂ ಮನೆಗೆ ಬೆಕ್ಕು ತರಲು ಬಿಟ್ಟವಳಲ್ಲ.

ಒಳಗೆ ಐವತ್ತು ಅರವತ್ತು ಬೆಕ್ಕುಗಳಿದ್ದವು. ಒಂದೂ ಕೂಗುತ್ತಿರಲಿಲ್ಲ. ಸಮುದ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಣ್ಣಿದ್ದವೂ ಇಲ್ಲದವೂ ಒಂದೊಂದಾಗಿ ಗೇಟಿನ ಕಡೆ ತಿರುಗಿ, ಅಮ್ಮನತ್ತ ಮುಖ ಮಾಡಿ ಕೂತವು.

ಸಿಮೆಂಟು ಕಟ್ಟೆಯ ಮೇಲೆ ಮಾತ್ರ ಒಂದು ಮುದಿ ಬೆಕ್ಕು ಕಾಲು ಚಾಚಿ ಬಿದ್ದಿತ್ತು. ಮೂತಿಯ ಮೇಲೆ ನೊಣ ಕೂತಿದ್ದವು.

“ಅದು ಸತ್ತೋಗೈತಲ್ಲೇ,” ಎಂದಳು ಅಮ್ಮ. ಹೇಳುತ್ತಲೇ ಗೇಟು ತಳ್ಳಿ ಒಳಗೆ ನಡೆದು, ಅದರ ಮೂಗಿನ ಬಳಿ ಬೆರಳಿಟ್ಟಳು. ಬೆಕ್ಕು ಕಣ್ಣು ತೆರೆದು ಅವಳನ್ನೇ ನೋಡಿತು.

ಅಮ್ಮ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಅವಾಗ ನಂಗೆ ಏಳು ವರ್ಸ. ನನ್ನ ತಮ್ಮ ಪಾಲಂಗೆ ನಾಕು. ಮೂರು ದಿನ ಜ್ವರ ಬಂದು ಉಸಿರು ನಿಂತೋಯ್ತು ಅಂದ್ರು. ಗಂಡಸ್ರು ಗುಣಿ ತೋಡಾಕೆ ಹೋದ್ರು. ಬೆಕ್ಕು ಬರ್ದಂಗೆ ನೋಡ್ಕೋ ಅಂತ ನನ್ನ ಹೆಣದ ತಾವ ಕೂರ್ಸಿದ್ರು. ನಂಗೆ ತೂಕಡಿಕೆ ಬಂತು. ಕಣ್ಬುಟ್ರೆ ಬೆಕ್ಕು ಅವನ್ನ ದಾಟ್ತಾ ಐತೆ. ಪಾಲ ಕಣ್ಬುಟ್ಟ ಕಣೇ. ನನ್ನೇ ನೋಡ್ದ. ಬೆರಳು ಅಲುಗಾಡಿಸ್ದ.”

“ಆಮೇಲೆ?”

“ಕಿರುಚ್ಕೊಂಡೆ. ಅಪ್ಪ ಓಡ್ಬಂದ. ಬೆಕ್ಕು ದಾಟೈತೆ, ಒಳೀಕೆ ಏನೋ ಸೇರ್ಕೊಂಡೈತೆ, ಇನ್ನು ಅದು ನಮ್ಮ ಕೂಸಲ್ಲ ಅಂದ್ರು. ಮುಖದ್ ಮ್ಯಾಕೆ ಬಟ್ಟೆ ಎಳ್ದು ಎತ್ಕೊಂಡು ಗುಣಿ ತಾವ ಓಡ್ಕೊಂಡೇ ಹೋದ್ರು.”

“ದೊಡ್ಡಮ್ಮ ಇರ್ಲಿಲ್ವಾ?”

“ನೀರಿನ ಬಿಂದಿಗೆ ಹಿಡ್ಕೊಂಡು ಬಾಗ್ಲಾಗೇ ನಿಂತಿದ್ಲು. ನೀನೂ ನೋಡ್ದಲ್ಲಕ್ಕ ಅಂದೆ. ನಿಂಗೆ ಕನಸು ಬಿದ್ದೈತೆ ಅಂದ್ಲು. ಇವತ್ತಿಗೂ ಅದನ್ನೇ ಅಂತಾಳೆ.”

ಅಮ್ಮ ಆ ಬೆಕ್ಕಿನ ಹೊಟ್ಟೆ ಏರಿಳಿಯುವುದನ್ನು ನೋಡುತ್ತಿದ್ದಳು.

“ಮಂಜಿ, ನಾನು ಸತ್ತಾಗ ಬೆಕ್ಕು ಬಂದ್ರೆ ಓಡಿಸ್ಬ್ಯಾಡ. ದಾಟಾಕೆ ಬುಡು. ಆಮೇಲೆ ನನ್ನ ಮುಖಾನೇ ನೋಡ್ತಾ ಕೂತ್ಕೋ. ನಾನು ಅಲುಗಾಡಿದ್ರೆ, ಅವತ್ತು ಆಗಿದ್ದೂ ಬೆಕ್ಕಿಂದ್ಲೇ. ಪಾಲ ಸತ್ತೇ ಹೋಗಿದ್ದ ಅಂತ. ನಾನು ಅಲುಗಾಡ್ಲಿಲ್ಲ ಅಂದ್ರೆ...”

ದೋಣಿಯವನು ಕೂಗಿದ. ಅಮ್ಮ ಸೆರಗು ಕೊಡವಿಕೊಂಡು ಎದ್ದಳು. ಆ ಮಾತನ್ನು ಅವಳು ಮತ್ತೆಂದೂ ಮುಗಿಸಲಿಲ್ಲ.

*

“ಗುಣಿ ಆತು, ಇನ್ನು ಎತ್ರಪ್ಪ,” ಎನ್ನುತ್ತ ರೇಣುಕಯ್ಯ ಒಳಗೆ ಬಂದ. ಸಿದ್ದಗಂಗಮ್ಮ ಅವನ ಹಿಂದೆಯೇ ಅಗುಳಿ ಹಾಕಿದಳು.

ಮಂಜುಳಾ ಎದ್ದು ಬಾಗಿಲಿನ ಬಳಿ ಹೋದಳು. “ಸ್ವಲ್ಪ ಸರಿ ದೊಡ್ಡಮ್ಮ. ಬಾಗ್ಲು ತೆಗೀಬೇಕು.”

“ತಲೆ ಕೆಟ್ಟೈತೇನೇ? ಅಲ್ಲೇ ಕೂತೈತೆ ಅದು!”

“ಗೊತ್ತು. ಅಮ್ಮನೇ ಹೇಳಿದ್ಳು.”

“ಏನು ಹೇಳಿದ್ಲು?”

“ಪಾಲನ ವಿಷ್ಯ.”

ತಂಗಿಯನ್ನು ಬಿಟ್ಟು ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ! ಅಗುಳಿಯ ಮೇಲಿದ್ದ ಸಿದ್ದಗಂಗಮ್ಮನ ಕೈ ತಾನಾಗಿಯೇ ಜಾರಿತು. ಮಂಜುಳಾ ಬಾಗಿಲು ತೆರೆದಳು.

ಬೆಕ್ಕು ಕರೆದವರ ಮನೆಗೆ ಬಂದಂತೆ ನಿಧಾನವಾಗಿ ಒಳಗೆ ಬಂತು. ಹೆಂಗಸರು ಕೂಗಿಕೊಂಡು ಹಿತ್ತಿಲಿಗೆ ಓಡಿದರು. ಅದು ಗಂಗಲಕ್ಷ್ಮಮ್ಮನ ಬಲಗೈ ಬೆರಳುಗಳನ್ನು ಮೂಸಿತು. ಹೊಟ್ಟೆಯ ಮೇಲೊಂದು ಕಾಲಿಟ್ಟು ಹಾಗೇ ನಿಂತಿತು. ಆಮೇಲೆ ಆಚೆಗೆ ಇಳಿದು, ಹಿಂಬಾಗಿಲಿನಿಂದ ಹೊರಟುಹೋಯಿತು.

ಮಂಜುಳಾ ಅಮ್ಮನ ಮುಖದ ಪಕ್ಕ ಮಂಡಿಯೂರಿದಳು. ರೆಪ್ಪೆ ನೋಡಿದಳು, ತುಟಿ ನೋಡಿದಳು. ಮೂಗಿನ ಬಳಿ ಬೆರಳಿಟ್ಟಳು. ಅಲುಗಾಡಲಿ ಎಂದು ಬೇಡಿಕೊಂಡಳು. ದೀಪದ ಎಣ್ಣೆ ಚಟಪಟ ಎಂದಿತು.

“ಇಲ್ಲ ದೊಡ್ಡಮ್ಮ.”

“ಸರಿಯಾಗಿ ನೋಡ್ದಾ?”

“ನೋಡ್ದೆ.”

“ಇನ್ನೊಂದ್ಸಲಿ ನೋಡು. ಬೆರಳು ನೋಡು. ಬೆರಳು ಅಲುಗಾಡ್ತೈತೆ ನೋಡೇ!”

“ಇಲ್ಲ. ಅಲುಗಾಡ್ಲಿಲ್ಲ.”

ಸಿದ್ದಗಂಗಮ್ಮ ಬಾಗಿಲಿಗೆ ಒರಗಿ ಹಾಗೇ ಕೆಳಗಿಳಿದಳು. ಬಾಯಿಂದ ಬಂದ ದನಿ ಮುದುಕಿಯದಾಗಿರಲಿಲ್ಲ.

“ನಾನೂ ನೋಡಿದ್ದೆ ಕಣೇ. ಕಣ್ಬುಟ್ಟಿದ್ದ. ನನ್ನ ಕಡೀಕೂ ತಿರುಗ್ದ. ಅಕ್ಕಾ ಅನ್ನಂಗೆ ತುಟಿ ಮಾಡ್ದ. ಅಪ್ಪ ನನ್ನ ಒಂದು ನೋಟ ನೋಡ್ದ, ಸುಮ್ಕಾಗ್ಬುಟ್ಟೆ. ಗಂಗಿ ಸಾಯೋಗಂಟ ಕೇಳಿದ್ಲಲ್ಲೇ. ಸಾಯೋಗಂಟ ಸುಳ್ಳೇ ಹೇಳಿದ್ನಲ್ಲೇ.”

*

ಹೊಲದ ಬದುವಿನಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲಿ ಗುಣಿ ತೋಡಿದ್ದರು. ಬಿಸಿಲು ಇಳಿದಿರಲಿಲ್ಲ. ಗಂಗಲಕ್ಷ್ಮಮ್ಮನನ್ನು ಒಳಗಿಳಿಸಿದರು. ನೆರೆದವರೆಲ್ಲ ಒಂದೊಂದು ಹಿಡಿ ಮಣ್ಣೆತ್ತಿಕೊಂಡರು.

“ಹಾಕ್ರಪ್ಪ,” ಎಂದ ರೇಣುಕಯ್ಯ.

“ತಡೀರಿ.”

ಸಿದ್ದಗಂಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮಂಜುಳಾ ಹಿಡಿದ ಕೈ ಬಿಡಿಸಿಕೊಂಡು ಗುಣಿಯ ಅಂಚಿನಲ್ಲಿ ಬೋರಲು ಮಲಗಿ, ತಲೆಯನ್ನು ಒಳಕ್ಕೆ ಇಳಿಬಿಟ್ಟಳು. ತಂಗಿಯ ಹೆಸರು ಹಿಡಿದು ಕರೆಯುತ್ತಾಳೆಂದು ಎಲ್ಲರೂ ಅಂದುಕೊಂಡರು.

“ಪಾಲಾ,” ಎಂದಳು. ಮಲಗಿದ ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ. “ಲೋ ಪಾಲಾ. ನಾನು ಕಣೋ, ಅಕ್ಕ.”

ಆಮೇಲೆ ಕಿವಿಯನ್ನು ಮಣ್ಣಿಗೆ ಒತ್ತಿ ಹಿಡಿದಳು.

ನೂರಾರು ಜನ ಮುಷ್ಟಿ ಬಿಗಿಹಿಡಿದು ನಿಂತೇ ಇದ್ದರು. ಯಾರ ಕೈಯಿಂದಲೂ ಒಂದು ಕಾಳು ಮಣ್ಣು ಕೆಳಗೆ ಬೀಳಲಿಲ್ಲ.