ಯುಗೆಟ್ ಮೇಡಂ ಅಳಿಸಿದ ಗುರುತು

“ಅದನ್ನ ಪೆಟ್ಟಿಗೆ ಮೇಲೆ ಇಡಬೇಡಿ, ಫೆರ್ನಾನ್ ಅವರೇ,” ಎನ್ನುತ್ತ ಸಿಲ್ವೆತ್ ಮುದುಕರ ಕೈಯಿಂದ ರ‍್ಯಾಕೆಟ್ಟನ್ನು ಮೆಲ್ಲಗೆ ಬಿಡಿಸಿಕೊಂಡಳು.

ಇಗರ್ಜಿಯ ಒಳಗೆ ಜನ ಅವಳ ತಾಯಿಯಾದ ಯುಗೆಟ್ ಮೇಡಂ ಅವರ ಶವಪೆಟ್ಟಿಗೆಯ ಸುತ್ತ ದೀಪ ಹಚ್ಚುತ್ತಿದ್ದರು. ಊರಿನ ಟೆನಿಸ್ ಕ್ಲಬ್ಬಿನ ಅಧ್ಯಕ್ಷ ಫೆರ್ನಾನ್ ಬರಿಗೈಯನ್ನು ಏನು ಮಾಡುವುದೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿದರು.

“ಯಾಕೆ ಪುಟ್ಟಿ? ಈ ಊರಿಂದ ಪ್ಯಾರಿಸ್ಸಿಗೆ ಹೋಗಿ ಆಡಿದವರು ಅವರೊಬ್ಬರೇ ಕಣಮ್ಮ.”

“ಆಡಿ ಏನಾಯ್ತು ಅಂತ ನಿಮಗೆ ಗೊತ್ತಲ್ಲ. ಪಾದ್ರಿಗಳಿಗೂ ಹೇಳಿದ್ದೀನಿ, ಟೆನಿಸ್ ವಿಷಯ ಎತ್ತಬೇಡಿ ಅಂತ.”

ಹಿಂದೆ ಇಬ್ಬರು ಮುದುಕಿಯರು ಬೆಂಚಿನ ಮೇಲೆ ಒತ್ತಿ ಕೂತಿದ್ದರು.

“ಸೈಕಲ್ಲಿನ ಸುದ್ದಿ ಬರತ್ತೆ ಅಂತ ಹೆದರ‍್ತಾಳೆ, ಪಾಪ.”

“ಮೆತ್ತಗೆ ಮಾತಾಡೇ. ನಿನ್ನ ಕಿವಿ ಕೆಟ್ಟಿದೆ ಅಂದ್ರೆ ಎಲ್ಲರದ್ದೂ ಕೆಟ್ಟಿದೆಯಾ?”

ಸಿಲ್ವೆತ್‌ಗೆ ಕೇಳಿಸಿತು. ಐವತ್ತು ದಾಟಿದ ಅವಳ ಕಿವಿ ಶಾಲೆಯ ಹುಡುಗಿಯದರಂತೆ ಕೆಂಪಾಯಿತು.

* * *

ಯುಗೆಟ್ ಎಳೆಯ ವಯಸ್ಸಿನಲ್ಲಿ ಬೇಯಿಸಿದ ಮೊಟ್ಟೆ, ಎರಡು ಬಿಳಿ ಲಂಗ ಕಟ್ಟಿಕೊಂಡು ರೈಲಿನಲ್ಲಿ ಊರೂರು ತಿರುಗಿದವರು. ರಾತ್ರಿ ಹೋಟೆಲಿನ ಬೇಸಿನ್ನಿನಲ್ಲಿ ಲಂಗ ಒಗೆದು ಬೆಳಿಗ್ಗೆ ಅರೆ ಒಣಗಿದ್ದನ್ನೇ ಉಟ್ಟು ಆಡುತ್ತಿದ್ದರು. ಕೆಲವು ಕಡೆ ಗೆದ್ದರು, ಹೆಚ್ಚು ಕಡೆ ಸೋತರು. ಆದರೆ ಜನ ನೆನಪಿಟ್ಟದ್ದು ಪ್ಯಾರಿಸ್ಸಿನ ದೊಡ್ಡ ಅಂಗಳದ ಒಂದು ಮಧ್ಯಾಹ್ನವನ್ನು.

ಅಂದು ಅವರು ಮೊದಲ ಸೆಟ್ಟನ್ನು ಆರು-ಸೊನ್ನೆಯಿಂದ ಕಳೆದುಕೊಂಡಿದ್ದರು. ಎರಡನೆಯದರಲ್ಲಿ ಐದು ಗೇಮ್ ಹೋಗಿತ್ತು. ಆಮೇಲೆ ಹೇಗೋ ಒಂದು ಗೇಮ್ ಗೆಲ್ಲಲು ಒಂದೇ ಅಂಕ ಬೇಕಿತ್ತು. ಎದುರಾಳಿಯ ಚೆಂಡು ಗೆರೆಯ ಬಳಿ ಬಿತ್ತು. “ಹೊರಗೆ!” ಎಂದು ಗೆರೆ ಕಾಯುವವನು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಎದುರಾಳಿ ಒಪ್ಪಲಿಲ್ಲ. ಕೆಂಪು ಮಣ್ಣಿನ ಮೇಲಿನ ಗುರುತನ್ನು ನೋಡಲು ಅಂಪೈರು ಕುರ್ಚಿಯಿಂದ ಇಳಿಯತೊಡಗಿದರು. ಅವರು ಬರುವ ಮೊದಲೇ ಯುಗೆಟ್ ಬಗ್ಗಿ ನೋಡಿ, ಬೂಟಿನಿಂದ ಗುರುತನ್ನು ಒರೆಸಿಬಿಟ್ಟರು. ತನ್ನ ಕಡೆಯ ಗುರುತನ್ನು ತಾನೇ ಅಳಿಸಿದರೆ, ಚೆಂಡು ಒಳಗಿತ್ತೆಂದು ಒಪ್ಪಿಕೊಂಡಂತೆ. ಆ ಅಂಕ ಹೋಯಿತು, ಹಿಂದೆಯೇ ಆ ಒಂದು ಗೇಮೂ ಹೋಯಿತು.

ಎರಡು ಸೊನ್ನೆ, ಎರಡು ಚಕ್ರ. ಹಾಗೆ ಸೋತವರನ್ನು ಸೈಕಲ್ ಹತ್ತಿದವರು ಎನ್ನುತ್ತಾರೆ. ಸಿಲ್ವೆತ್ ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವಳಾದಾಗಲೂ ಹುಡುಗರು ಅವಳ ಬೆನ್ನ ಹಿಂದೆ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸುತ್ತಿದ್ದರು.

* * *

ಪೂಜೆ ಮುಗಿದು ಎಲ್ಲರೂ ಜಿನುಗು ಮಳೆಯಲ್ಲಿ ಶವದ ಗಾಡಿಯ ಹಿಂದೆ ಸ್ಮಶಾನದತ್ತ ನಡೆದರು. ಬೇಕರಿಯ ಮಿರೇಯ್ ಸಿಲ್ವೆತ್‌ಳ ಪಕ್ಕ ಬಂದು ತನ್ನ ಕೊಡೆಯನ್ನು ಅವಳ ಕಡೆಗೇ ಹೆಚ್ಚು ವಾಲಿಸಿ ಹಿಡಿದಳು. ಕಾಯಿಲೆಯ ತಿಂಗಳುಗಳಲ್ಲಿ ಯುಗೆಟ್ ಅವರಿಗೆ ಗಟ್ಟಿ ಅಂಚು ಕತ್ತರಿಸಿದ ಮೆತ್ತನೆ ಬ್ರೆಡ್ ತಂದುಕೊಡುತ್ತಿದ್ದವಳು ಅವಳು.

“ಒಂದು ಮಾತು ಹೇಳ್ಬೇಕು ಕಣೇ. ಬೈಬೇಡ.”

“ನಾನ್ಯಾಕೆ ಬೈಲಿ?”

“ನಮ್ಮಿಬ್ಬರ ಫೈನಲ್ ನೆನಪಿದ್ಯಾ? ಹುಡುಗೀರ ಕಪ್?”

ಸಿಲ್ವೆತ್ ಹೆಜ್ಜೆ ಬಿರುಸು ಮಾಡಿದಳು.

* * *

ಆಗ ಅವಳಿಗೆ ಹನ್ನೆರಡು. ಅಂಪೈರ್ ಇರಲಿಲ್ಲ, ತಂತಮ್ಮ ಕಡೆಯ ಚೆಂಡನ್ನು ಹುಡುಗಿಯರೇ ಹೇಳಬೇಕು. ಕೊನೆಗೆ ಮಿರೇಯ್ ಹೊಡೆದ ಚೆಂಡು ಗೆರೆಯನ್ನು ಮುಟ್ಟಿತು. ಸಿಲ್ವೆತ್ “ಹೊರಗೆ!” ಎಂದು ಕೂಗಿ, ಗೆರೆಯಾಚೆಗಿದ್ದ ಹಳೆಯ ಗುರುತೊಂದನ್ನು ತೋರಿಸಿದಳು. ನಿಜವಾದ ಗುರುತಿನ ಮೇಲೆ ತಾನೇ ನಿಂತಿದ್ದಳು.

ಬೇಲಿಯಾಚೆ ಅಮ್ಮ ನಿಂತಿದ್ದರು. ರಾತ್ರಿ ಸೂಪು ಬಡಿಸಿದರೇ ಹೊರತು ಏನೂ ಕೇಳಲಿಲ್ಲ. ಮೊಣಕಾಲು ನೋವು ಎಂದು ಸಿಲ್ವೆತ್ ಮತ್ತೆ ಆಡಲಿಲ್ಲ. ಯಾವ ಮೊಣಕಾಲು ಎಂದೂ ಅಮ್ಮ ಕೇಳಲಿಲ್ಲ.

* * *

“ಆವತ್ತು ಸಂಜೆ ನಿಮ್ಮಮ್ಮ ನಮ್ಮನೆಗೆ ಬಂದಿದ್ರು,” ಎಂದಳು ಮಿರೇಯ್. “‘ಚೆಂಡು ಒಳಗಿತ್ತು, ನಾನು ನೋಡ್ದೆ. ನಾನು ಹೇಳಿದ್ರೆ ಅದು ನನ್ನ ಮಾತಾಗತ್ತೆ. ಅವಳೇ ಬಂದು ಹೇಳ್ತಾಳೆ, ಸ್ವಲ್ಪ ತಾಳು’ ಅಂದ್ರು. ನಾನು ಆಮೇಲೆ ಮರೆತೇಬಿಟ್ಟೆ. ಮದುವೆ, ಮಕ್ಕಳು, ಒಲೆ. ಆದ್ರೆ ಈಗ ಅವರು ಹಾಸಿಗೆ ಹಿಡಿದ ಮೇಲೆ ಬ್ರೆಡ್ ಕೊಡೋಕೆ ಹೋದಾಗೆಲ್ಲ ‘ಅವಳು ಹೇಳಿದ್ಳಾ?’ ಅಂತ ಕೇಳೋರು.”

“ನೀನೇನಂದೆ?”

“ಹೋದ ವಾರ ಅವರ ಸಂಕಟ ನೋಡೋಕಾಗ್ಲಿಲ್ಲ. ಹೇಳಿದ್ಳು ಅಂದ್ಬಿಟ್ಟೆ. ನನ್ನ ಕೈ ಹಿಡ್ಕೊಂಡು ಹಾಗೇ ನಿದ್ದೆ ಹೋದ್ರು. ಅವರಿಗೆ ಸುಳ್ಳು ಹೇಳಿದ್ದು ಅದೊಂದೇ ಸಲ ಕಣೇ. ಅದಕ್ಕೇ ನಿನಗೆ ತಿಳಿಸ್ದೆ.”

ಸಿಲ್ವೆತ್ ಕೊಡೆಯಿಂದ ಹೊರಗೆ ಸರಿದು ನಡೆದಳು.

ಗುಂಡಿಯ ಬಳಿ ಪಾದ್ರಿಗಳ ಪ್ರಾರ್ಥನೆ ಮುಗಿದದ್ದೇ, ಫೆರ್ನಾನ್ ತಡೆಯಲಾರದೆ ಮುಂದೆ ಬಂದರು.

“ಪುಟ್ಟಿ ಬೇಡ ಅಂದಿದ್ಲು. ಆದ್ರೂ ಹೇಳ್ತೀನಿ. ಅನುಮಾನ ಬಂದ್ರೆ ಅಂಕ ಎದುರಿನವರದ್ದು ಅಂತ ಈ ಮೇಡಂ ನಮಗೆಲ್ಲ ಕಲಿಸಿದ್ರು. ಅದಕ್ಕೇ ನಮ್ಮ ಕ್ಲಬ್ಬು ಇವತ್ತಿಗೂ ಕೊನೇ ದರ್ಜೇಲೇ ಇದೆ!” ಜನ ಅಳುತ್ತಲೇ ನಕ್ಕರು. “ತಾಯಿಯಂತೆಯೇ ಮಗಳು. ಅದೇ ಪಾಠದಿಂದ ಹುಡುಗೀರ ಕಪ್ ಗೆದ್ದವಳು. ಒಂದೆರಡು ಮಾತಾಡಮ್ಮ.”

ಎಲ್ಲರೂ ಅವಳತ್ತ ತಿರುಗಿದರು. ಮಿರೇಯ್ ಒಬ್ಬಳು ಮಾತ್ರ ಅವಳಿಗೆ ಕಷ್ಟವಾಗದಿರಲೆಂದು ಬೇರೆಲ್ಲೋ ನೋಡುತ್ತಿದ್ದಳು.

“ಆ ಕಪ್ ಮಿರೇಯ್‌ದು,” ಎಂದಳು ಸಿಲ್ವೆತ್. ದನಿ ಏಳಲಿಲ್ಲ. ಇನ್ನೊಮ್ಮೆ, ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದಳು. “ಆ ಕಪ್ ಮಿರೇಯ್‌ದು. ಅವಳ ಚೆಂಡು ಒಳಗಿತ್ತು. ನಾನು ಗುರುತಿನ ಮೇಲೆ ನಿಂತುಕೊಂಡು ಹೊರಗೆ ಅಂದೆ. ಅಮ್ಮ ನೋಡಿದ್ರು.”

ಸಂತಾಪ ಹೇಳಲು ಸಾಲು ನಿಲ್ಲಬೇಕಾದ ಹೊತ್ತು. ಮೊದಲು ಯಾರು ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ. ಫೆರ್ನಾನ್ ನೆಲ ನೋಡುತ್ತಿದ್ದರು.

ಮಿರೇಯ್ ಕೊಡೆಯನ್ನು ಪಕ್ಕದವರ ಕೈಗೆ ಕೊಟ್ಟು ಮುಂದೆ ಬಂದಳು. ಉಣ್ಣೆಯ ಗವಸು ತೊಟ್ಟ ಕೈಯನ್ನು ಚಾಚಿದಳು. ಆಟ ಮುಗಿದ ಮೇಲೆ ನೆಟ್ಟಿನ ಬಳಿ ಬರಿಗೈಯಲ್ಲೇ ಕೈಕುಲುಕುವುದು ನೆನಪಾದವಳಂತೆ ಹಿಂದಕ್ಕೆ ಎಳೆದುಕೊಂಡಳು. ಒದ್ದೆ ಗವಸು ಬೆರಳಿಗೆ ಅಂಟಿತ್ತು. ಹಲ್ಲಿನಿಂದ ಕಚ್ಚಿ ಎಳೆದು ತೆಗೆದಳು. ಆಮೇಲೆ, ಒಲೆಯ ಸುಟ್ಟ ಕಲೆಗಳಿದ್ದ ಬರಿಗೈಯನ್ನು ಮತ್ತೆ ಚಾಚಿದಳು.