ಖಾಲಿ ಗಾಡಿಯ ಮೈಲೇಜು

ಡ್ವೈಟ್ ಕ್ರೂಗರ್‌ನ ಹೊಟ್ಟೆಪಾಡೇ ಹೊಸ ಪಿಕಪ್ ಟ್ರಕ್ಕುಗಳನ್ನು ಓಡಿಸುವುದು. ಡೆನ್ವರಿನ ಒಂದು ಸಣ್ಣ ವಾಹನ ಪತ್ರಿಕೆಗೆ ಅವನು ಬರೆಯುತ್ತಿದ್ದ. ಗ್ಯಾಲನ್ನಿಗೆ ಇಷ್ಟು ಮೈಲಿ ಕೊಡುತ್ತದೆ ಎಂದು ಕಂಪನಿಯವರು ಗಾಡಿಯ ಕಿಟಕಿಗೆ ಚೀಟಿ ಅಂಟಿಸಿರುತ್ತಾರಲ್ಲ, ಅದು ನಿಜವಾದ ರಸ್ತೆಯಲ್ಲಿ ಸಿಗುತ್ತದೆಯೇ ಎಂದು ನೋಡುವುದು ಅವನ ಪಾಲಿನ ಕೆಲಸ. ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಪೂರ್ವದ ಬಯಲಿನಲ್ಲಿ ದಿನವಿಡೀ ಸುತ್ತಿ, ಅದೇ ಬಂಕಿಗೆ ಬಂದು ಮತ್ತೆ ತುಂಬಿಸಿ ಲೆಕ್ಕ ಹಾಕುತ್ತಿದ್ದ. ಹೆಚ್ಚುಕಡಿಮೆ ಯಾವಾಗಲೂ ಚೀಟಿಗಿಂತ ಕಮ್ಮಿಯೇ ಬರುತ್ತಿತ್ತು. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವ ಹಾಗಿರಲಿಲ್ಲ. ಒಬ್ಬರ ಭಾರ ಏರಿದರೂ ಲೆಕ್ಕ ಕೆಡುತ್ತದೆ ಎಂದು ಅವನೇ ಮಾಡಿಕೊಂಡ ನಿಯಮ. ಮೊದಮೊದಲು ಹೆಂಡತಿ ತಾನೂ ಬರುತ್ತೇನೆ ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಕೊನೆಗೆ ಅವನನ್ನೂ ಬಿಟ್ಟಳು.

ಆ ಸೆಪ್ಟೆಂಬರಿನಲ್ಲಿ ನೆಬ್ರಾಸ್ಕಾದ ಮರಳುದಿಬ್ಬಗಳ ಸೀಮೆಯಿಂದ ವರ್ನನ್ ಕುಚೆರಾ ಎಂಬ ಮುದುಕ ಪತ್ರಿಕೆಯ ಕಚೇರಿಗೆ ಫೋನು ಮಾಡಿ, ನಿಮ್ಮ ಹುಡುಗ ಶುದ್ಧ ಸುಳ್ಳುಗಾರ ಎಂದ. ಚೀಟಿಯಲ್ಲಿ ಇಪ್ಪತ್ತೆರಡು ಎಂದಿದ್ದ ಟ್ರಕ್ಕಿಗೆ ಡ್ವೈಟ್ ಹದಿನೆಂಟು ಎಂದು ಬರೆದಿದ್ದ. ಅದೇ ಟ್ರಕ್ಕು ಮುದುಕನ ಹತ್ತಿರವೂ ಇತ್ತು, ಅವನಿಗೆ ಇಪ್ಪತ್ತೆರಡರ ಮೇಲೆಯೇ ಬರುತ್ತಿತ್ತಂತೆ. ಸಂಪಾದಕನಿಗೆ ಇದು ರುಚಿಸಿತು. ಹೋಗಿ ನೋಡಿಕೊಂಡು ಬಾ, ಒಳ್ಳೆಯ ಲೇಖನವಾಗುತ್ತದೆ ಎಂದು ಡ್ವೈಟ್‌ನನ್ನು ಕಳಿಸಿದ.

ಮಲ್ಲೆನ್ ಊರು ದಾಟಿ, ಡಾಂಬರು ಮುಗಿದು, ಹುಲ್ಲುದಿಬ್ಬಗಳ ನಡುವೆ ಬಹಳ ದೂರ ಹೋದ ಮೇಲೆ ವರ್ನನ್‌ನ ಮನೆ ಸಿಕ್ಕಿತು. ಕಾಂಪೌಂಡಿನಲ್ಲಿ ದನಗಳಿರಲಿಲ್ಲ. ಹೆಂಡತಿ ಆಲ್ಮಾ ತೀರಿಕೊಂಡ ವರ್ಷವೇ ಅವನು ಮಂದೆಯನ್ನೆಲ್ಲ ಮಾರಿದ್ದ. ಟ್ರಕ್ಕು ಮಾತ್ರ ಫಳಫಳ ಹೊಳೆಯುತ್ತ ನಿಂತಿತ್ತು. ಅದರ ಹಿಂಬದಿಯ ಸಾಮಾನಿನ ತೊಟ್ಟಿಯಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಹೊರಗಡೆ ಮಾತು ಹೆಚ್ಚು ಬೆಳೆಯಲಿಲ್ಲ. ಊರಿನ ಬಂಕಿನಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ ಇಬ್ಬರೂ ಹೊರಟರು. ಓಡಿಸುವವನು ವರ್ನನ್, ನೋಡುವವನು ಡ್ವೈಟ್.

ಒಂದೆರಡು ಮೈಲಿ ಹೋಗುವುದರೊಳಗೆ ಡ್ವೈಟ್‌ಗೆ ಗುಟ್ಟು ತಿಳಿಯಿತು. ಮುದುಕ ಗಂಟೆಗೆ ನಲವತ್ತೈದು ಮೈಲಿಯ ಮೇಲೆ ಹೋಗುತ್ತಲೇ ಇರಲಿಲ್ಲ. ಎಸಿ ಹಾಕಲಿಲ್ಲ, ಕಿಟಕಿ ಇಳಿಸಲಿಲ್ಲ. ಇಳಿಜಾರಿನಲ್ಲಿ ಕಾಲನ್ನು ಪೂರಾ ಎತ್ತಿಬಿಡುತ್ತಿದ್ದ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದರೆ, ಎಲ್ಲಿಗೂ ಇಲ್ಲ, ದಿನಾ ಹೀಗೇ ಒಂದು ಸುತ್ತು ಎಂದ. ಕೆಲಸವಿದ್ದು ಹೋಗುತ್ತಿದ್ದ ಕಾಲದಲ್ಲಿ ಇಷ್ಟು ಮೈಲೇಜು ಕಂಡಿರಲಿಲ್ಲವಂತೆ.

ಒಂದು ಕಡೆ ಬೇಲಿಯಾಚೆ ದನ ನೀರು ಕುಡಿಯುವ ತೊಟ್ಟಿಯ ಹತ್ತಿರ ಹೆಂಗಸೊಬ್ಬಳು ಮೊಣಕಾಲೂರಿ ಪೈಪು ರಿಪೇರಿ ಮಾಡುತ್ತಿದ್ದಳು. ನೆರೆಯ ಜೋಲೀನ್ ಬಾಯ್ಡ್. ಗಾಡಿ ಕಂಡು ಎದ್ದು ನಿಂತು ಕೈಯೆತ್ತಿದಳು. ವರ್ನನ್ ಸ್ಟಿಯರಿಂಗಿನಿಂದ ಎರಡು ಬೆರಳೆತ್ತಿ ಮುಂದೆ ಹೋದ.

"ಏನೋ ಹೇಳೋಕೆ ಬಂದ ಹಾಗಿತ್ತು," ಎಂದ ಡ್ವೈಟ್.

"ಇರ್ಬೋದು. ನಿಲ್ಸಿದ ಗಾಡಿ ಮತ್ತೆ ಎಬ್ಬಿಸ್ಬೇಕಂದ್ರೆ ಎಷ್ಟ್ ಕುಡಿಯತ್ತೆ ಅಂತ ನಿಂಗೆ ನಾನ್ ಹೇಳ್ಬೇಕೇನಯ್ಯಾ?"

ಸಂಜೆ ಬಿಸಿಲಿರುವಾಗಲೇ ಬಂಕಿಗೆ ವಾಪಸು ಬಂದು ತುಂಬಿಸಿದರು. ಲೆಕ್ಕ ಇಪ್ಪತ್ಮೂರು ಬಂತು. ವರ್ನನ್ ಹಿಗ್ಗಿ ಹೋದ. ಬಂಕಿನವನಿಗೆ ಹೇಳಿದ, ಹಾಲು ಕೊಳ್ಳಲು ಬಂದಿದ್ದ ಯಾರೋ ಹೆಂಗಸಿಗೂ ಹೇಳಿದ. ಅವರು ತಲೆಯಾಡಿಸಿ ತಮ್ಮ ದಾರಿ ಹಿಡಿದರು. ಆಮೇಲೆ ಅವನು ಡ್ವೈಟ್‌ನನ್ನು ಬಿಡಲಿಲ್ಲ. ಒಂದು ಟ್ಯಾಂಕಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ನೀನೇ ಬರೆದಿದ್ದೀಯಲ್ಲ, ಇವತ್ತು ಉಳಿದುಕೋ, ನಾಳೆ ಇನ್ನೊಮ್ಮೆ ನೋಡೋಣ ಎಂದ. ಡ್ವೈಟ್‌ಗೂ ಮನೆಯಲ್ಲಿ ಕಾಯುವವರಿರಲಿಲ್ಲ, ಉಳಿದ. ವರ್ನನ್ ಎರಡು ಡಬ್ಬಿ ಬೀನ್ಸ್ ಬಿಸಿ ಮಾಡಿ, ಮಾಂಸ ಹುರಿದು ಬಡಿಸಿದ. ಮೇಜಿನ ಬಳಿಯ ಎರಡನೆಯ ಕುರ್ಚಿಯ ಮೇಲಿದ್ದ ಬಟ್ಟೆರಾಶಿಯನ್ನು ಎತ್ತಿಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಬೆಳಿಗ್ಗೆ ಡ್ವೈಟ್, ಇವತ್ತು ಭಾರ ಎಳೆದು ನೋಡೋಣ ಎಂದ. ವರ್ನನ್ ಮುಖ ಗಂಟಿಕ್ಕಿಕೊಂಡ. ಏನನ್ನು ಎಳೆಯುವುದು, ದನವೆಲ್ಲ ಮಾರಿದ್ದಾಯಿತಲ್ಲ ಎಂದ. ನಿನ್ನೆ ಕೈಯೆತ್ತಿದ ಆಕೆಯನ್ನು ಕೇಳೋಣ ಎಂದು ಡ್ವೈಟ್ ಹೇಳಿದಾಗ ಮುದುಕ ಕಾಫಿ ಲೋಟ ನೋಡುತ್ತ ಕೂತ. ಮೆಲ್ಲಗೆ ವಿಷಯ ಹೊರಬಂತು. ಆಲ್ಮಾ ಹೋದ ವಾರ ಜೋಲೀನ್ ಗಾಜಿನ ಪಾತ್ರೆಯಲ್ಲಿ ಊಟ ತಂದಿಟ್ಟು ಹೋಗಿದ್ದಳು. ಅವನು ಊಟ ಮಾಡಿದ್ದ. ಪಾತ್ರೆ ವಾಪಸು ಕೊಡಲು ಹೋದರೆ ಒಳಗೆ ಬಾ ಎನ್ನುತ್ತಾಳೆ, ಕೂತರೆ ಆಲ್ಮಾಳ ಮಾತು ತೆಗೆಯುತ್ತಾಳೆ, ಅಲ್ಲಿ ತಾನು ಅತ್ತುಬಿಟ್ಟರೆ ಎಂದು ಹೆದರಿ ಹೋಗಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಎರಡು ವರ್ಷ ಕಳೆದಿತ್ತು. ಈಗ ಯಾವ ಮುಖ ಹೊತ್ತುಕೊಂಡು ಹೋಗುವುದು?

"ಪಾತ್ರೆ ನಾನ್ ಹಿಡ್ಕೊಂಡ್ ಬರ್ತೀನಿ," ಎಂದ ಡ್ವೈಟ್. "ನೀವು ಗಾಡಿ ಓಡ್ಸಿ ಸಾಕು."

ಮೂಲೆ ಸೇರಿದ್ದ ದನ ಸಾಗಿಸುವ ಟ್ರೈಲರಿನ ಟೈರುಗಳಿಗೆ ಗಾಳಿ ತುಂಬಿಸಿ, ಟ್ರಕ್ಕಿಗೆ ಸಿಕ್ಕಿಸಿ ಹೋದರು. ಜೋಲೀನ್ ಪಾತ್ರೆಯನ್ನು ತಿರುಗಿಸಿ ನೋಡಿದಳು.

"ಒಡೆದು ಹೋಗಿರ್ಬೇಕು ಅಂದ್ಕೊಂಡಿದ್ದೆ. ನೀನೂ ಅಷ್ಟೇ, ವರ್ನನ್."

ವರ್ನನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಅವಳು ಮುಂದಿನ ಮಾತಿಗೆ ಕಾಯಲಿಲ್ಲ. ನಾಲ್ಕು ಹೋರಿಗಳನ್ನು ದನದ ಹರಾಜಿಗೆ ಒಯ್ಯಬೇಕಿತ್ತು, ತನ್ನ ಗಾಡಿ ಕೆಟ್ಟು ನಿಂತಿದೆ, ಅದನ್ನು ಕೇಳಲೆಂದೇ ನಿನ್ನೆ ಕೈಯೆತ್ತಿದ್ದು ಎಂದಳು.

ಹೋರಿಗಳನ್ನು ಹತ್ತಿಸುವಷ್ಟರಲ್ಲಿ ಮೂವರಿಗೂ ಬೆವರಿಳಿಯಿತು. ಜೋಲೀನ್ ಮುಂದೆ ಕೂತಳು, ಡ್ವೈಟ್ ಹಿಂದಿನ ಸೀಟಿಗೆ ಹೋದ. ಎದುರುಗಾಳಿ ಬೇರೆ. ಪೆಟ್ರೋಲಿನ ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು, ಆದರೆ ವರ್ನನ್ ಅತ್ತ ನೋಡುತ್ತಿರಲಿಲ್ಲ. ಸೆಕೆ ಎಂದು ಅವಳೇ ಎಸಿ ಹಾಕಿದಳು. ಹುಲ್ಲು, ಮಳೆ, ಯಾರ ಬೇಲಿ ಯಾರು ಮುರಿದರು ಎಂದು ಶುರುವಾದ ಮಾತು ಆಲ್ಮಾಳತ್ತ ತಿರುಗಿತು. ಆಲ್ಮಾ ಒಮ್ಮೆ ಇದೇ ರಸ್ತೆಯಲ್ಲಿ ಟ್ರೈಲರನ್ನು ಹಿಂದಕ್ಕೆ ತೆಗೆಯಲು ಹೋಗಿ ಪಾದ್ರಿಯ ಅಂಚೆಡಬ್ಬಿಯನ್ನು ಉರುಳಿಸಿದ್ದನ್ನು ಜೋಲೀನ್ ನೆನಪಿಸಿದಳು. ವರ್ನನ್ ನಕ್ಕ. ನಗುತ್ತ ನಗುತ್ತ ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಟಿಯರಿಂಗಿಗೆ ಹಣೆಯಿಟ್ಟು ಅತ್ತ. ಇಂಜಿನ್ ಹಾಗೇ ಓಡುತ್ತಿತ್ತು. ಜೋಲೀನ್ ಅವನ ಬೆನ್ನ ಮೇಲೆ ಕೈಯಿಟ್ಟು ಕಿಟಕಿಯಾಚೆ ನೋಡುತ್ತ ಕೂತಳು. ಇಳಿದು ಹೋಗೋಣವೆಂದರೆ ಡ್ವೈಟ್‌ಗೆ ಹೋಗುವುದಕ್ಕೆ ಜಾಗವಿರಲಿಲ್ಲ. ಹಿಂದೆ ಹೋರಿಯೊಂದು ತಗಡಿಗೆ ಒದೆಯುತ್ತಿತ್ತು.

ಹೋರಿಗಳನ್ನು ಹರಾಜಿಗೆ ಮುಟ್ಟಿಸಿ ಬಂದು ತುಂಬಿಸಿದಾಗ ಆ ದಿನ ಹನ್ನೊಂದು ಬಂತು. ವರ್ನನ್ ಬಂಕಿನಲ್ಲಿ ಲೆಕ್ಕವನ್ನು ಎರಡು ಸಲ ಮಾಡಿಸಿದ. ಆಮೇಲೆ ಡ್ವೈಟ್‌ನನ್ನು ಪಕ್ಕಕ್ಕೆ ಕರೆದು, ಇದನ್ನು ಮಾತ್ರ ಹಾಕಬೇಡ ಮಾರಾಯ, ಮರ್ಯಾದೆ ಹೋಗುತ್ತದೆ ಎಂದು ಬೇಡಿಕೊಂಡ. ಜೋಲೀನ್ ಊಟಕ್ಕೆ ಇಬ್ಬರನ್ನೂ ಕರೆದಳು. ಡ್ವೈಟ್ ತನಗೆ ದೂರ ಹೋಗಬೇಕಿದೆ ಎಂದ. ಇನ್ನೊಂದು ಸಲ ಕರೆದಿದ್ದರೆ ಉಳಿಯುತ್ತಿದ್ದನೋ ಏನೋ. ಆದರೆ ಅವರಿಬ್ಬರೂ ಆಗಲೇ ಟ್ರೈಲರನ್ನು ಎಲ್ಲಿ ತೊಳೆಯುವುದು ಎಂಬ ವಾದದಲ್ಲಿದ್ದರು.

ಅವನು ಇಪ್ಪತ್ಮೂರನ್ನಷ್ಟೇ ಬರೆದ. ಗಾಡಿ ಖಾಲಿಯಿತ್ತು, ನಿಧಾನಕ್ಕೆ ಓಡಿತು, ಎಲ್ಲೂ ನಿಲ್ಲಲಿಲ್ಲ, ಹಾಗಿದ್ದರೆ ಚೀಟಿಯ ಮಾತು ಸುಳ್ಳಲ್ಲ ಎಂದು ಸೇರಿಸಿದ.

ನವೆಂಬರಿನಲ್ಲಿ ವರ್ನನ್ ಫೋನು ಮಾಡಿದ. ನೀನು ಬರೆದದ್ದನ್ನು ಓದಿ ಕೆಫೆಯಲ್ಲಿ ಎಲ್ಲರೂ ನನ್ನನ್ನು ಹೆಣದ ಗಾಡಿಯ ಡ್ರೈವರ್ ಎನ್ನುತ್ತಿದ್ದಾರೆ ಎಂದು ರೇಗಿದ. ಈಗ ಬರುತ್ತಿರುವುದು ಹದಿಮೂರಂತೆ. ಅರ್ಧ ಸೀಮೆಯವರ ಹುಲ್ಲನ್ನು ಅವನೇ ಸಾಗಿಸುತ್ತಿದ್ದಾನಂತೆ, ಅದನ್ನು ಹಾಕು ಎಂದ. ಡ್ವೈಟ್ ನಕ್ಕು, ಚಳಿ ಹೇಗಿದೆ ಎಂದು ಕೇಳಿದ. ಇನ್ನೂ ಏನೋ ಕೇಳಬೇಕೆಂದಿದ್ದ.

"ಇಡ್ತೀನಪ್ಪ, ಹೊರಗಡೆ ಹಾರ್ನ್ ಹೊಡೀತಿದಾಳೆ," ಎಂದು ವರ್ನನ್ ಫೋನಿಟ್ಟ.

ಡ್ವೈಟ್ ಡೆನ್ವರಿನ ತನ್ನ ಬಂಕಿನ ಅಂಗಳದಲ್ಲಿ ನಿಂತಿದ್ದ. ಆ ವಾರ ಕಂಪನಿಯವರು ಕಳಿಸಿದ್ದ ಹೊಸ ಟ್ರಕ್ಕಿನ ಟ್ಯಾಂಕು ತುಂಬಿತ್ತು. ಒಳಗೆ ಹೋಗಿ ಎರಡು ಕಾಫಿ ಕೊಂಡ. ಎರಡು ಯಾಕೆ ಎಂದು ಅವನಿಗೇ ಗೊತ್ತಾಗಲಿಲ್ಲ. ಒಂದನ್ನು ಪಕ್ಕದ ಸೀಟಿನ ಹತ್ತಿರದ ಲೋಟದ ಗೂಡಿನಲ್ಲಿಟ್ಟು, ಮೀಟರನ್ನು ಸೊನ್ನೆಗೆ ತಂದು, ಎಂದಿನ ವೇಗವನ್ನೇ ಹಿಡಿದು ಪೂರ್ವಕ್ಕೆ ಹೊರಟ. ಬಯಲಿನ ಲೈಮನ್ ಊರು ದಾಟುವ ಹೊತ್ತಿಗೆ ಪಕ್ಕದ ಕಾಫಿ ಆರಿಹೋಗಿತ್ತು.